ಒಂದು ಧಾಟಿ, ಮೂರು ಹಾಡು

2007ರ ಮೇ 25ರಂದು ತೆರೆಕಂಡ ಹಿಂದಿ ಚಿತ್ರ ‘ಚೀನಿ ಕಮ್’. ಅಮಿತಾಭ್ ಬಚ್ಚನ್ ಮತ್ತು ತಬು ನಟಿಸಿದ್ದ ಆ ಚಿತ್ರವನ್ನು ನೋಡದವರೂ ಅದರ ‘ಜಾನೇ ದೋ ನಾ’ ಹಾಡನ್ನು ಕೇಳಿರುತ್ತಾರೆ. ಶ್ರೇಯಾ ಘೋಷಾಲ್ ಅದನ್ನು ಕಿವಿಯಲ್ಲಿ ಗುಟ್ಟು ಹೇಳುವ ಹಾಗೆ, ತೀರಾ ಮೆಲ್ಲಗೆ ಹಾಡಿದ್ದಾರೆ. ಆ ಹಾಡು ಟಿ.ವಿ.ಯಲ್ಲಿ ಬಂದಾಗಲೆಲ್ಲ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಡೆ, ನಡುವಯಸ್ಸು ದಾಟಿದವರು ಯಾರಾದರೂ ಒಂದು ಮಾತು ಕೇಳುತ್ತಿದ್ದರು: “ಇದು ನಮ್ ಶಂಕ್ರಣ್ಣನ ಹಾಡಲ್ವೇನಪ್ಪಾ?”

ಹುಡುಗರು ಒಪ್ಪುತ್ತಿರಲಿಲ್ಲ. ಒಬ್ಬ ಹಿಂದಿಯದೇ ಮೊದಲು ಎನ್ನುತ್ತಿದ್ದ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದ ಇನ್ನೊಬ್ಬ, ಇದು ತಮಿಳಿನಲ್ಲಿದೆ, ನಾನೇ ಕೇಳಿದ್ದೇನೆ ಎನ್ನುತ್ತಿದ್ದ. ಮೂರನೆಯವನು ‘ಕದ್ದಿದ್ದಾರೆ’ ಎಂದು ಒಂದೇ ಮಾತಿಗೆ ತೀರ್ಪು ಕೊಟ್ಟು ಎದ್ದು ಹೋಗುತ್ತಿದ್ದ. ಜಗಲಿಯ ಮೇಲಿನ ಈ ವಾದವನ್ನು ದಾಖಲೆ ಹಿಡಿದು ಬಗೆಹರಿಸಬೇಕು ಎನ್ನಿಸಿತು. ಯಾವುದು ಮೊದಲು, ಯಾರದು, ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವಾಗ ಹಾಡು ಏನನ್ನು ಹೊತ್ತೊಯ್ದಿತು, ಏನನ್ನು ಹಿಂದೆ ಬಿಟ್ಟಿತು: ಇವೇ ನನ್ನ ಪ್ರಶ್ನೆಗಳು.

ಪ್ಲೇಟಿನ ಪೆಟ್ಟಿಗೆ

ನಮ್ಮ ಸೀಮೆಯಲ್ಲಿ ಸಿನಿಮಾ ಸಂಗೀತದ ದಾಖಲೆ ಇರುವುದು ಗ್ರಂಥಾಲಯದಲ್ಲಲ್ಲ, ಮೈಕ್‌ಸೆಟ್ಟಿನವರ ಮನೆಯಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯಿರಲಿ, ಗೌರಸಮುದ್ರದ ಮಾರಮ್ಮನ ಜಾತ್ರೆಯಿರಲಿ, ಹಟ್ಟಿಯ ಮದುವೆಯಿರಲಿ, ಹಾರ್ನು ಕಟ್ಟಿ ಹಾಡು ಹಾಕುವವರು ಅವರೇ. ಕ್ಯಾಸೆಟ್ ಬರುವ ಮೊದಲು ಅವರ ಬಂಡವಾಳವೆಂದರೆ ಗ್ರಾಮಫೋನ್ ರೆಕಾರ್ಡು. ಹಳ್ಳಿಯಲ್ಲಿ ಅದಕ್ಕೆ ಪ್ಲೇಟು ಎಂದೇ ಹೆಸರು. ಅಂಗೈ ಅಗಲಿಸಿದರೆ ಅದರ ಮೇಲೆ ಕೂರುವಂಥ 7 ಅಂಗುಲದ ಚಿಕ್ಕ ಪ್ಲೇಟು ನಿಮಿಷಕ್ಕೆ 45 ಸುತ್ತು ತಿರುಗುತ್ತಿತ್ತು. ದೊಡ್ಡದು 12 ಅಂಗುಲ, 33 ಚಿಲ್ಲರೆ ಸುತ್ತು.

ಅಂಥ ಒಂದು ಮನೆಯ ಅಟ್ಟದಿಂದ ತಗಡಿನ ಟ್ರಂಕು ಇಳಿಯಿತು. ಧೂಳು ಒರೆಸಿ ಒಂದೊಂದೇ ಪ್ಲೇಟನ್ನು ಬೆಳಕಿಗೆ ಹಿಡಿದರೆ ಗೀರುಗಳಲ್ಲೇ ಊರಿನ ರುಚಿ ಕಾಣುತ್ತಿತ್ತು. ಹೆಚ್ಚು ಕೇಳಿದ ಹಾಡಿನ ಜಾಗ ಮುಳ್ಳು ಓಡಾಡಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಯಾರೂ ಕೇಳದ ಹಾಡಿನ ಜಾಗ ಕಪ್ಪಗೆ ಹೊಳೆಯುತ್ತಿರುತ್ತದೆ. ‘ಗೀತಾ’ ಚಿತ್ರದ ಪ್ಲೇಟು ಎರಡೂ ಬದಿ ಬೂದಾಗಿತ್ತು. ನಡುವಿನ ದುಂಡು ಚೀಟಿಯ ಅಕ್ಷರ ಮಾತ್ರ ಓದುವ ಹಾಗಿತ್ತು. ಚಿತ್ರದ ಹೆಸರು, ಹಾಡಿನ ಮೊದಲ ಪದಗಳು, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ, ಸಂಗೀತ ಇಳಯರಾಜ, ಸಾಹಿತ್ಯ ಚಿ. ಉದಯಶಂಕರ್. ಒಂದು ಹಾಡು ಹುಟ್ಟಲು ಯಾರು ಯಾರು ಬೇಕೋ ಅವರೆಲ್ಲರೂ ಆ ಪುಟ್ಟ ಕಾಗದದಲ್ಲಿದ್ದರು.

‘ಗೀತಾ’ 1981ರ ಚಿತ್ರ. ನಿರ್ದೇಶನವೂ ನಾಯಕನ ಪಾತ್ರವೂ ಹಿರಿಯರು ಶಂಕ್ರಣ್ಣ ಎಂದು ಕರೆಯುವ ಶಂಕರ್‌ನಾಗ್ ಅವರದೇ. ಗಿಟಾರು, ಡ್ರಮ್ಸು ತುಂಬಿದ ‘ಸಂತೋಷಕ್ಕೆ’ ಇದೇ ಚಿತ್ರದ್ದು. ಕನ್ನಡದ ಮಟ್ಟಿಗೆ ರಾಕ್ ಎಂದು ಕರೆಯಬಹುದಾದ ಹಾಡುಗಳ ಪಟ್ಟಿ ಮಾಡಿದರೆ ಅದಕ್ಕೆ ಮೊದಲ ಸಾಲಿನಲ್ಲೇ ಜಾಗ. ಇಂದಿಗೂ ಆರ್ಕೆಸ್ಟ್ರಾದವರು ಜನರನ್ನು ಎಬ್ಬಿಸಿ ಕುಣಿಸಬೇಕೆಂದರೆ ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ನನ್ನಿವಾಳದ ಜಗಲಿಯ ವಾದಕ್ಕೆ ಕಾರಣವಾದದ್ದು ಅದೇ ಚಿತ್ರದ ಯುಗಳಗೀತೆ ‘ಜೊತೆಯಲಿ’. 2006ರಲ್ಲಿ ನಟ ಪ್ರೇಮ್ ಅವರ ಚಿತ್ರವೊಂದಕ್ಕೂ 2019ರಲ್ಲಿ ಜೀ ಕನ್ನಡದ ಧಾರಾವಾಹಿಗೂ ‘ಜೊತೆ ಜೊತೆಯಲಿ’ ಎಂದೇ ಹೆಸರಿಟ್ಟರು ಎಂದರೆ ಆ ಮಾತು ಜನರ ನಾಲಿಗೆಯಲ್ಲಿ ಎಷ್ಟು ನೆಲೆಯೂರಿದೆ ಎಂದು ತಿಳಿಯುತ್ತದೆ.

ಶಂಕರ್‌ನಾಗ್ ಎಂದರೆ ಈ ಭಾಗದವರಿಗೆ ನಟನಿಗಿಂತ ಹೆಚ್ಚು. 1990ರ ಸೆಪ್ಟೆಂಬರ್ 30ರಂದು ಅವರು ಕಾರು ಅಪಘಾತದಲ್ಲಿ ತೀರಿಕೊಂಡದ್ದು ಆನಗೋಡಿನ ಬಳಿ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಂದಿನ ಲೆಕ್ಕಕ್ಕೆ ಆನಗೋಡು ಚಿತ್ರದುರ್ಗ ಜಿಲ್ಲೆಯ ಊರು. ಇನ್ನೂ 36 ತುಂಬದ ಮನುಷ್ಯ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಉಸಿರು ಬಿಟ್ಟ ಎಂಬ ಸಂಕಟ ಹಳಬರ ಮಾತಿನಲ್ಲಿ ಈಗಲೂ ಇದೆ. ಆಟೊಗಳ ಹಿಂದೆ ಅವರ ಚಿತ್ರ ಮಾಸಿಲ್ಲ. ಅವರ ಹಾಡು ಬೇರೆ ಭಾಷೆಯಲ್ಲಿ ಕೇಳಿದಾಗ ‘ನಮ್ದು’ ಎಂಬ ಮಾತು ಅಷ್ಟು ಬಿಸಿಯಾಗಿ ಬರುವುದು ಇದರಿಂದಲೇ.

ಮದರಾಸಿನ ದಾರಿ

ಮೊದಲ ಪ್ರಶ್ನೆಗೆ ಉತ್ತರ ವರ್ಷಗಳಲ್ಲೇ ಇದೆ. ಕನ್ನಡದ ‘ಗೀತಾ’ 1981. ಅದೇ ಧಾಟಿ ತಮಿಳಿನಲ್ಲಿ ‘ವಿಳಿಯಿಲೇ ಮಣಿ ವಿಳಿಯಿಲ್’ ಎಂದು ಕಾಣಿಸಿಕೊಂಡದ್ದು ಮಣಿವಣ್ಣನ್ ನಿರ್ದೇಶನದ ‘ನೂರಾವದು ನಾಳ್’ ಚಿತ್ರದಲ್ಲಿ, 1984ರಲ್ಲಿ. ಹಿಂದಿಯ ‘ಚೀನಿ ಕಮ್’ 2007. ಮೊದಲ ಮತ್ತು ಕೊನೆಯ ಹಾಡುಗಳ ನಡುವೆ 26 ವರ್ಷ. ಬೆಂಗಳೂರಿನಿಂದ ಬಂದ ಹುಡುಗ ತಮಿಳು ಹಾಡು ಕೇಳಿದ್ದು ನಿಜ. ಆದರೆ ಅದು ಎರಡನೆಯದು.

ಕಳ್ಳತನದ ಆರೋಪವೂ ನಿಲ್ಲುವುದಿಲ್ಲ. ಮೂರಕ್ಕೂ ಸಂಗೀತ ಇಳಯರಾಜ ಅವರದೇ. ತಮಿಳಿನಲ್ಲಿ ಹಾಡಿದವರೂ ಅದೇ ಎಸ್ಪಿಬಿ, ಅದೇ ಜಾನಕಿ. ಹಿಂದಿಯಲ್ಲಿ ನಿರ್ದೇಶಕ ಆರ್. ಬಾಲ್ಕಿ ತಾನು ಇಳಯರಾಜರ ಹಳೆಯ ಧಾಟಿಗಳ ಅಭಿಮಾನಿ ಎಂದು ಬಾಯಿಬಿಟ್ಟು ಹೇಳಿಕೊಂಡವರು. ‘ಚೀನಿ ಕಮ್’ನ ಶೀರ್ಷಿಕೆ ಗೀತೆ 1986ರ ‘ಮೌನ ರಾಗಂ’ನಿಂದ ಬಂತು. ಬಾಲ್ಕಿಯವರ ಮುಂದಿನ ಚಿತ್ರ, 2009ರ ‘ಪಾ’ದಲ್ಲಿ 1982ರ ಮಲಯಾಳಂ ಚಿತ್ರ ‘ಓಳಂಙಳ್’ನ ಧಾಟಿ ಸೇರಿತು. ಗುರುತು ಮುಚ್ಚಿಡುವ ಉದ್ದೇಶ ಇಲ್ಲೆಲ್ಲೂ ಇರಲಿಲ್ಲ.

ಹಾಗಾದರೆ ಈ ಧಾಟಿ ಕನ್ನಡದ್ದು ಎನ್ನಲು ಏನು ಆಧಾರ? ಇಳಯರಾಜ ತಮಿಳುನಾಡಿನ ಪಣ್ಣೈಪುರದವರು. ಎಸ್ಪಿಬಿ ನೆಲ್ಲೂರು ಸೀಮೆಯವರು, ಜಾನಕಿ ಗುಂಟೂರು ಸೀಮೆಯವರು. ಆ ಕಾಲದಲ್ಲಿ ಕನ್ನಡ ಚಿತ್ರಗಳ ಹಾಡು ಬಹುಮಟ್ಟಿಗೆ ಮುದ್ರಣವಾಗುತ್ತಿದ್ದದ್ದು ಮದರಾಸಿನ ಸ್ಟುಡಿಯೊಗಳಲ್ಲಿ. ಆ ಅವಲಂಬನೆ ತಪ್ಪಬೇಕು ಎಂದೇ ಶಂಕರ್‌ನಾಗ್ ಮುಂದೆ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೊ ಕಟ್ಟಿದರು. ಹೊರಗಿನಿಂದ ನೋಡಿದರೆ ಹಾಡಿನಲ್ಲಿ ಕನ್ನಡದವರೆಂದು ಉಳಿಯುವುದು ನಿರ್ದೇಶಕ ಮತ್ತು ಕವಿ ಇಬ್ಬರೇ.

ದಾಖಲೆಯನ್ನು ಇನ್ನಷ್ಟು ಹಿಂದಕ್ಕೆ ಎಳೆದರೆ ಬೇರೆ ಎಳೆ ಸಿಗುತ್ತದೆ. 1976ರ ‘ಅನ್ನಕ್ಕಿಳಿ’ಯಿಂದ ಸಂಗೀತ ನಿರ್ದೇಶಕನಾಗುವ ಮೊದಲು ಇಳಯರಾಜ ಗಿಟಾರು ಹಿಡಿದು ಸಹಾಯಕನಾಗಿ ದುಡಿದದ್ದು ಜಿ.ಕೆ. ವೆಂಕಟೇಶ್ ಅವರ ಬಳಿ. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ಜಿ.ಕೆ.ವಿ. 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಅವರಿಂದ ಇಂಗ್ಲಿಷ್ ಹಾಡು ಹಾಡಿಸಿ ತೋರಿಸಿದವರೂ ಅವರೇ. ಕನ್ನಡದ ನಡೆ, ಕನ್ನಡ ಮಾತಿನ ಏರಿಳಿತ ಇಳಯರಾಜರ ಕೈಗೆ ಬಂದದ್ದು ಆ ದುಡಿಮೆಯಲ್ಲಿ. ತಮ್ಮದೇ ಹೆಸರಿನಲ್ಲಿ ಅವರು ಕನ್ನಡಕ್ಕೆ ಕಾಲಿಟ್ಟದ್ದು 1978ರ ‘ಮಾತು ತಪ್ಪದ ಮಗ’ದಿಂದ. ಶಂಕರ್‌ನಾಗ್ ನಿರ್ದೇಶನದ ‘ಜನ್ಮ ಜನ್ಮದ ಅನುಬಂಧ’ 1980ರಲ್ಲಿ ಬಂತು, ‘ಗೀತಾ’ ಅದರ ಮರುವರ್ಷ. ಎಸ್ಪಿಬಿಯವರೂ ಕನ್ನಡಕ್ಕೆ ಹೊಸಬರಲ್ಲ. 1967ರ ‘ನಕ್ಕರೆ ಅದೇ ಸ್ವರ್ಗ’ದಲ್ಲೇ, ತೆಲುಗಿನಲ್ಲಿ ಮೊದಲ ಹಾಡು ಹಾಡಿದ ಬೆನ್ನಿಗೇ, ಅವರ ಕನ್ನಡದ ದನಿ ಮುದ್ರಣವಾಗಿತ್ತು. ಮದರಾಸಿನ ಸ್ಟುಡಿಯೊದಲ್ಲಿ ಸೇರಿದ್ದು ಕನ್ನಡವನ್ನು ವರ್ಷಗಟ್ಟಲೆ ದುಡಿದು ಕಲಿತ ಬಳಗ.

ತಮಿಳು ಚಿತ್ರದ ಬೆನ್ನು ಹತ್ತಿದಾಗ ಇನ್ನೊಂದು ಸಂಗತಿ ತೆರೆದುಕೊಂಡಿತು. ‘ನೂರಾವದು ನಾಳ್’ ಕೊಲೆಯ ಮುನ್ಸೂಚನೆ ಕಾಣುವ ಹೆಣ್ಣಿನ ಕಥೆ. ಅದರ ಮೂಲ 1977ರಲ್ಲಿ ಲೂಚಿಯೊ ಫುಲ್ಚಿ ತೆಗೆದ ಇಟಲಿಯ ಚಿತ್ರ. ತಮಿಳಿನ ಕಥೆ 1991ರಲ್ಲಿ ಹಿಂದಿಗೆ ಹೋಗಿ, ಮಾಧುರಿ ದೀಕ್ಷಿತ್ ಮತ್ತು ಜಾಕಿ ಶ್ರಾಫ್ ನಟಿಸಿದ ‘100 ಡೇಸ್’ ಆಯಿತು. ಅದಕ್ಕೆ ಸಂಗೀತ ರಾಮ್‌ಲಕ್ಷ್ಮಣ್ ಅವರದು, ಇಳಯರಾಜರ ಧಾಟಿಗೆ ಅಲ್ಲಿ ಜಾಗವಿರಲಿಲ್ಲ. ಅಂದರೆ ಕಥೆ ಧಾಟಿಯನ್ನು ಬಿಟ್ಟು ಹಿಂದಿಗೆ ಹೋಯಿತು. ಅದಾಗಿ 16 ವರ್ಷಕ್ಕೆ ಧಾಟಿ ಕಥೆಯನ್ನು ಬಿಟ್ಟು, ತಾನೊಂದೇ ಬೇರೆ ದಾರಿಯಲ್ಲಿ ಅದೇ ಹಿಂದಿಗೆ ಹೋಯಿತು. ಒಂದೇ ಚಿತ್ರದೊಳಗಿದ್ದರೂ ಕಥೆ, ಮಾತು, ಧಾಟಿ, ದನಿ ಒಂದನ್ನೊಂದು ಕಟ್ಟಿಕೊಂಡಿರುವುದಿಲ್ಲ, ಬಿಡಿಬಿಡಿಯಾಗಿಯೇ ಪಯಣ ಮಾಡುತ್ತವೆ.

ಪ್ರಸ್ತಾರ ಹಾಕಿ ನೋಡಿದಾಗ

ಧಾಟಿ ಒಂದೇ ಆದರೂ ‘ಜೊತೆಯಲಿ’ ಓಡುತ್ತದೆ, ‘ಜಾನೇ ದೋ ನಾ’ ತೇಲುತ್ತದೆ. ಈ ವ್ಯತ್ಯಾಸ ವಾದ್ಯಗಳಿಂದ ಮಾತ್ರ ಬಂದದ್ದೇ? ಶಾಲೆಯಲ್ಲಿ ಕಲಿತ ಲಘು ಗುರುಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ಹಾಡುಗಳ ಹೆಸರನ್ನಷ್ಟೇ ಕಾಗದದ ಮೇಲೆ ಒಂದರ ಕೆಳಗೊಂದು ಬರೆದು ಪ್ರಸ್ತಾರ ಹಾಕಿದೆ.

ಕನ್ನಡದ ‘ಜೊತೆಯಲಿ’: ನಾಲ್ಕು ಅಕ್ಷರ, ನಾಲ್ಕೂ ಲಘು. ಅದರ ಬೆನ್ನಿಗೆ ಬರುವ ‘ಜೊತೆಜೊತೆಯಲಿ’: ಆರು ಅಕ್ಷರ, ಆರೂ ಲಘು. ಒಟ್ಟು ಹತ್ತು ಅಕ್ಷರಗಳಲ್ಲಿ ಒಂದೇ ಒಂದು ದೀರ್ಘವಿಲ್ಲ, ಒಂದು ಒತ್ತಕ್ಷರವೂ ಇಲ್ಲ. ನಾಲಿಗೆಗೆ ನಿಲ್ಲಲು ಎಡೆಯೇ ಇಲ್ಲದ ಮಾತು ಅದು. ತಮಿಳಿನ ‘ವಿಳಿಯಿಲೇ’ ಐದು ಮಾತ್ರೆ, ಕೊನೆಯದು ದೀರ್ಘ. ‘ಮಣಿ ವಿಳಿಯಿಲ್’ ಆರು ಮಾತ್ರೆ, ಕನ್ನಡದ ಎರಡನೆಯ ತುಂಡಿಗೆ ಸರಿಸಮ. ಇನ್ನೂ ಒಂದು ಹೊಂದಿಕೆ ಇದೆ. ಕನ್ನಡದಲ್ಲಿ ‘ಜೊತೆ’ ಮರುಕಳಿಸುವ ಹಾಗೆಯೇ ತಮಿಳಿನಲ್ಲಿ ‘ವಿಳಿ’ ಮರುಕಳಿಸುತ್ತದೆ. ಧಾಟಿಯೊಳಗೇ ಒಂದು ಮರುಕಳಿಕೆ ಇದೆ, ಅದಕ್ಕೆ ತಕ್ಕ ಮಾತನ್ನು ಇಬ್ಬರು ಕವಿಗಳೂ ತಮ್ಮ ತಮ್ಮ ಭಾಷೆಯಲ್ಲಿ ಹುಡುಕಿಕೊಂಡಿದ್ದಾರೆ. ಇನ್ನು ಹಿಂದಿಯ ‘ಜಾನೇ ದೋ ನಾ’: ನಾಲ್ಕು ಅಕ್ಷರ, ನಾಲ್ಕೂ ಗುರು, ಎಂಟು ಮಾತ್ರೆ. ಕನ್ನಡದ ನಾಲ್ಕಕ್ಷರಕ್ಕೆ ಹೋಲಿಸಿದರೆ ಸರಿಯಾಗಿ ಇಮ್ಮಡಿ ತೂಕ.

ಹುಡುಕಾಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ದಾಖಲೆ ಈ ಕಾಗದದ ಚೂರು. ಸಿನಿಮಾದಲ್ಲಿ ಸಾಮಾನ್ಯವಾಗಿ ಮೊದಲು ಧಾಟಿ ಹುಟ್ಟುತ್ತದೆ, ಆಮೇಲೆ ಕವಿ ಅದಕ್ಕೆ ಮಾತು ಕೂರಿಸುತ್ತಾನೆ. ಹಾಗೆಂದು ಕವಿ ಖಾಲಿ ಜಾಗ ತುಂಬುವವನಲ್ಲ. ಬರೀ ಲಘುಗಳನ್ನು ಪೋಣಿಸಿ ಚಿ. ಉದಯಶಂಕರ್ ಆ ಧಾಟಿಗೆ ಓಟ ಕೊಟ್ಟರು, ಎರಡು ದನಿಗಳನ್ನು ಅಕ್ಕಪಕ್ಕ ಓಡಿಸಿದರು. ಹಿಂದಿಯಲ್ಲಿ ಸಮೀರ್ ಬರೀ ಗುರುಗಳನ್ನಿಟ್ಟು ಅದೇ ಧಾಟಿಯನ್ನು ನಿಧಾನಕ್ಕೆ ಇಳಿಸಿದರು. ಯುಗಳಗೀತೆಯಾಗಿದ್ದದ್ದು ಅಲ್ಲಿ ಒಬ್ಬಳೇ ಹೆಣ್ಣಿನ ದನಿಯಾಯಿತು. ಕನ್ನಡದ್ದು ಇಬ್ಬರು ಕೂಡಿ ಇರುವ ಹಾಡು, ಹಿಂದಿಯದು ಒಬ್ಬರು ಇನ್ನೊಬ್ಬರನ್ನು ಕರೆಯುವ ಹಾಡು. ಎರಡೂ ಚೆನ್ನಾಗಿವೆ, ಎರಡೂ ಗೆದ್ದಿವೆ. ಎರಡನೆಯದು ಮೊದಲನೆಯದರ ನಕಲಾಗಿದ್ದರೆ ಗೆಲ್ಲುತ್ತಿರಲಿಲ್ಲ.

ಮಾತು ಉಳಿದಾಗ, ಧಾಟಿ ಉಳಿದಾಗ

ಪಶ್ಚಿಮದ ರಾಕ್ ಸಂಗೀತದಲ್ಲಿ ಇದಕ್ಕೆ ಕವರ್ ಎನ್ನುತ್ತಾರೆ. ಒಬ್ಬರ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡುವುದು. ಬಾಬ್ ಡಿಲನ್ 1967ರ ಕೊನೆಯಲ್ಲಿ ಗಿಟಾರು, ಮೌತ್ ಆರ್ಗನ್ ಹಿಡಿದು ಸರಳವಾಗಿ ಹಾಡಿದ್ದ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನು ಮರುವರ್ಷವೇ ಜಿಮಿ ಹೆಂಡ್ರಿಕ್ಸ್ ಎಲೆಕ್ಟ್ರಿಕ್ ಗಿಟಾರಿನ ಬಿರುಗಾಳಿಯಾಗಿಸಿದ. ಮುಂದೆ ಡಿಲನ್ ಕೂಡ ವೇದಿಕೆಯಲ್ಲಿ ಹೆಂಡ್ರಿಕ್ಸ್‌ನ ರೀತಿಗೇ ವಾಲಿದ. ನೈನ್ ಇಂಚ್ ನೈಲ್ಸ್ ತಂಡಕ್ಕಾಗಿ ಟ್ರೆಂಟ್ ರೆಜ್ನರ್ ಬರೆದ, 1994ರಲ್ಲಿ ಬಂದ ‘ಹರ್ಟ್’ ಹಾಡನ್ನು 2002ರಲ್ಲಿ 70 ವಯಸ್ಸಿನ ಜಾನಿ ಕ್ಯಾಶ್ ಹಾಡಿದಾಗ ಅದು ಹರೆಯದ ನೋವು ಬಿಟ್ಟು ಮುಪ್ಪಿನ ಲೆಕ್ಕಾಚಾರವಾಯಿತು.

ಆ ಹಾಡುಗಳಲ್ಲಿ ಮಾತು ಹಾಗೆಯೇ ಉಳಿಯಿತು, ಬದಲಾದದ್ದು ದನಿ ಮತ್ತು ವಾದ್ಯ. ಆದ್ದರಿಂದ ಹೆಂಡ್ರಿಕ್ಸ್ ಎಷ್ಟೇ ದೊಡ್ಡವನಾದರೂ ಡಿಲನ್ ಹೆಸರು ಅಳಿಯಲಿಲ್ಲ. ‘ಜೊತೆಯಲಿ’ಯ ಪ್ರಯಾಣದಲ್ಲಿ ಆದದ್ದು ಇದರ ತಿರುವುಮುರುವು. ಧಾಟಿ ಉಳಿಯಿತು, ಮಾತು ಬದಲಾಯಿತು. ಧಾಟಿಯ ಜೊತೆಗೆ ಇಳಯರಾಜರ ಹೆಸರು ಎಲ್ಲ ಭಾಷೆಗೂ ಹೋಯಿತು. ಚಿ. ಉದಯಶಂಕರ್ ಹೆಸರು ಕರ್ನಾಟಕದ ಗಡಿಯಲ್ಲೇ ಉಳಿಯಿತು. ಸಾವಿರಾರು ಹಾಡು ಬರೆದ ಆ ಕವಿ 1993ರಲ್ಲಿ ತೀರಿಕೊಂಡರು. ‘ಜಾನೇ ದೋ ನಾ’ ಕೇಳುವ ಹೊರನಾಡಿನವರಿಗೆ, ಈ ಧಾಟಿಗೆ ಮೊದಲು ಮಾತು ಕೊಟ್ಟವರು ಇವರು ಎಂದು ಹೇಳುವ ಒಂದು ಸಾಲೂ ಇಲ್ಲ.

ಕನ್ನಡದಲ್ಲೇ ಇನ್ನೊಂದು ದಾರಿಯೂ ಇದೆ. ರಘು ದೀಕ್ಷಿತ್ ತಮ್ಮ ತಂಡದೊಂದಿಗೆ 2008ರಲ್ಲಿ ತಂದ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿ’ಯ ಪದವನ್ನು ರಾಕ್ ಆಗಿ ಹಾಡಿದರು. ಅದಕ್ಕೂ ಹಿಂದೆ ಶರೀಫರ ಪದಗಳನ್ನು ಮನೆಮಾತು ಮಾಡಿದವರು ಸಿ. ಅಶ್ವತ್ಥ್. ಟಿ.ಎಸ್. ನಾಗಾಭರಣ ನಿರ್ದೇಶನದ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರ ಅದಕ್ಕೆ ಸಾಕ್ಷಿ. ಏಕತಾರಿಯ ಧಾಟಿ ಹೋಯಿತು, ಹಾರ್ಮೋನಿಯಂ ಹೋಯಿತು, ಡ್ರಮ್ಸು ಬಂತು. ಆದರೂ 1889ರಲ್ಲಿ ತೀರಿಕೊಂಡ ಶರೀಫರ ಹೆಸರನ್ನು ಯಾರಿಗೂ ಅಳಿಸಲಾಗಲಿಲ್ಲ. ಏಕೆಂದರೆ ತತ್ತ್ವಪದಕಾರರು ತಮ್ಮ ಅಂಕಿತವನ್ನು ಪದದ ಒಳಗೇ ಹೊಲಿದುಬಿಡುತ್ತಾರೆ. ಹಾಡುವವನು ಕೊನೆಯ ನುಡಿಗೆ ಬಂದಾಗ ಅವರನ್ನು ನೆನೆಯಲೇಬೇಕು. ವಚನಕಾರರಿಗೂ ದಾಸರಿಗೂ ಈ ವ್ಯವಸ್ಥೆ ಇತ್ತು. ಸಿನಿಮಾ ಕವಿಗೆ ಇಲ್ಲ. ಅವನ ಹೆಸರು ಇರುವುದು ಪ್ಲೇಟಿನ ಚೀಟಿಯಲ್ಲಿ, ಕ್ಯಾಸೆಟ್ಟಿನ ಹೊದಿಕೆಯಲ್ಲಿ. ಪ್ಲೇಟು ಸವೆದರೆ, ಹೊದಿಕೆ ಹರಿದರೆ ಹೆಸರೂ ಹೋಯಿತು.

ಕಾಯ್ದೆಯ ಪುಟ

ಹೆಸರಿನ ಪ್ರಶ್ನೆ ಕೊನೆಗೆ ಹಕ್ಕಿನ ಪ್ರಶ್ನೆಗೆ ಬಂದು ಮುಟ್ಟುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಹಾಡಿನ ಸಾಹಿತ್ಯ ಒಂದು ಕೃತಿ, ಸಂಗೀತ ಇನ್ನೊಂದು, ಅವೆರಡೂ ಕೂಡಿದ ಧ್ವನಿಮುದ್ರಣ ಮೂರನೆಯದು. ಆದರೆ 1977ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಸಂಭಾವನೆ ಕೊಟ್ಟು ಬರೆಸಿದ ನಿರ್ಮಾಪಕನೇ ಚಿತ್ರದ ಹಾಡಿನ ಒಡೆಯ. ಅದೇ ತೀರ್ಪಿಗೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೆಲವು ಮಾತು ಸೇರಿಸಿ, ಹಾಡುವವನ ದನಿಗೆ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲದಿರುವುದನ್ನು ಎತ್ತಿ ತೋರಿಸಿದರು. ‘ಗೀತಾ’ ಬಂದದ್ದು ಈ ತೀರ್ಪು ಹೊರಬಿದ್ದ ನಾಲ್ಕು ವರ್ಷಕ್ಕೆ.

ಅಷ್ಟರಲ್ಲಿ ಕ್ಯಾಸೆಟ್ ಕಾಲ ಬಂತು. ಹಳೆಯ ಹಿಟ್ ಹಾಡುಗಳನ್ನು ಹೊಸ ದನಿಯಲ್ಲಿ ಹಾಡಿಸಿ ಅಗ್ಗದ ಬೆಲೆಗೆ ಮಾರುವ ‘ವರ್ಷನ್’ ಕ್ಯಾಸೆಟ್ಟುಗಳು 1980ರ ದಶಕದಲ್ಲಿ ಸಂತೆಗಳನ್ನು ತುಂಬಿದವು. ಕಾಯ್ದೆಯಲ್ಲಿ ಅದಕ್ಕೊಂದು ದಾರಿಯಿತ್ತು. ಮೂಲ ಮುದ್ರಣ ಬಂದ ಮೇಲೆ, ನೋಟಿಸು ಕೊಟ್ಟು ನಿಗದಿತ ರಾಯಧನ ಕಟ್ಟಿದರೆ ಮರುಮುದ್ರಣ ಮಾಡಬಹುದಿತ್ತು. ಟಿ-ಸೀರಿಸ್ ಬೆಳೆದದ್ದು ಬಹುಪಾಲು ಈ ದಾರಿಯಲ್ಲಿ. ಅಮೆರಿಕದ ಪೀಟರ್ ಮ್ಯಾನುಯಲ್ 1993ರಲ್ಲಿ ಪ್ರಕಟಿಸಿದ ‘ಕ್ಯಾಸೆಟ್ ಕಲ್ಚರ್’ ಪುಸ್ತಕ ಉತ್ತರ ಭಾರತದ ಈ ಕಥೆಯನ್ನು ವಿವರವಾಗಿ ಹೇಳುತ್ತದೆ.

2012ರ ತಿದ್ದುಪಡಿ ಲೆಕ್ಕ ಬದಲಿಸಿತು. ಚಿತ್ರಮಂದಿರದ ಹೊರಗೆ ಹಾಡು ಎಲ್ಲಿ ಬಳಕೆಯಾದರೂ ಬರುವ ರಾಯಧನದಲ್ಲಿ ಕವಿಗೂ ಸಂಗೀತ ನಿರ್ದೇಶಕನಿಗೂ ಪಾಲಿದೆ, ಆ ಪಾಲನ್ನು ಅವರು ಬರೆದುಕೊಟ್ಟರೂ ಅದು ಸಲ್ಲದು ಎಂದಾಯಿತು. ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದವರು ಜಾವೇದ್ ಅಖ್ತರ್. ಕವರ್ ಹಾಡಿಗೆ 31ಸಿ ಎಂಬ ಹೊಸ ಕಲಮು ಬಂತು. ಮೂಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಆಗುವವರೆಗೆ ಕವರ್ ಮಾಡುವಂತಿಲ್ಲ. ಮೂಲವೇ ಇದು ಎಂದು ಜನ ಮೋಸಹೋಗುವ ಹಾಗೆ ಹೊದಿಕೆ ಮುದ್ರಿಸುವಂತಿಲ್ಲ. ಇದು ಕವರ್ ಎಂದು ಹೊದಿಕೆಯ ಮೇಲೆ ಸ್ಪಷ್ಟವಾಗಿ ಬರೆಯಬೇಕು. ಧಾಟಿ ಕಟ್ಟಿದವನೇ ತನ್ನ ಧಾಟಿಗೆ ಹೊಸ ಮಾತು ಹಾಕಿಸಿಕೊಂಡಾಗ ಈ ಕಲಮು ಅನ್ವಯಿಸುವುದಿಲ್ಲ. ಹಳೆಯ ಮಾತನ್ನು ಬರೆದವನ ಹೆಸರು ಹಾಕಬೇಕೆಂಬ ಬಲವಂತವೂ ಅಲ್ಲಿಲ್ಲ. ಚಿ. ಉದಯಶಂಕರ್ ಹೆಸರು ಜಾರಿಹೋದದ್ದು ಈ ಸಂದಿನಲ್ಲಿ. ಕಾನೂನು ಮುರಿದವರು ಯಾರೂ ಇಲ್ಲ, ಆದರೂ ಒಬ್ಬನ ದುಡಿಮೆ ಕಣ್ಮರೆಯಾಗಿದೆ.

ಹಕ್ಕಿನ ವಿಷಯ ಹಾಡಿದವರನ್ನೂ ಬಿಡಲಿಲ್ಲ. 2017ರ ಮಾರ್ಚಿನಲ್ಲಿ ಎಸ್ಪಿಬಿ ಅಮೆರಿಕದಲ್ಲಿ ಸರಣಿ ಕಾರ್ಯಕ್ರಮ ಕೊಡುತ್ತಿದ್ದಾಗ, ಅನುಮತಿ ಇಲ್ಲದೆ ತಮ್ಮ ಹಾಡುಗಳನ್ನು ಹಾಡಬಾರದು ಎಂದು ಇಳಯರಾಜರ ವಕೀಲರಿಂದ ನೋಟಿಸು ಹೋಯಿತು. ಎಸ್ಪಿಬಿ ತಕರಾರು ತೆಗೆಯದೆ ಉಳಿದ ಕಾರ್ಯಕ್ರಮಗಳಲ್ಲಿ ಬೇರೆಯವರ ಹಾಡು ಹಾಡಿದರು. ಮುಂದೆ ಗೆಳೆಯರಿಬ್ಬರೂ ಮತ್ತೆ ಒಂದಾದರು. 2020ರ ಸೆಪ್ಟೆಂಬರ್ 25ರಂದು ಎಸ್ಪಿಬಿ ತೀರಿಕೊಂಡಾಗ ದುಃಖ ತೋಡಿಕೊಂಡವರಲ್ಲಿ ಇಳಯರಾಜರೂ ಒಬ್ಬರು. ಧಾಟಿ ಕಟ್ಟಿದವನಿಗೂ ದನಿ ಕೊಟ್ಟವನಿಗೂ ನಡುವೆ ಇಷ್ಟು ಬಿಗಿ ಇರುವಲ್ಲಿ, ಮಾತು ಬರೆದು ಕಣ್ಣುಮುಚ್ಚಿದವನ ಪರವಾಗಿ ಕೇಳುವವರು ಯಾರು?

ಭಜನೆಯ ಪುಸ್ತಕದ ತಲೆಬರಹ

ಉತ್ತರದ ಒಂದು ತುದಿ ಸಿಕ್ಕಿದ್ದು ನನ್ನಿವಾಳ ಸೀಮೆಯ ಭಜನೆಯವರ ಹತ್ತಿರ. ಅವರ ಬಳಿ ಕೈಬರಹದ ಪುಸ್ತಕಗಳಿರುತ್ತವೆ. ಲೆಕ್ಕದ ಉದ್ದ ಪುಸ್ತಕ, ಎಣ್ಣೆ ಕೈ ತಗುಲಿ ಅಂಚು ಕಂದಿದ ಹಾಳೆ, ನೀಲಿ ಶಾಯಿಯ ದುಂಡನೆಯ ಅಕ್ಷರ. ದೇವರ ಮೇಲೆ ಊರಿನವರೇ ಕಟ್ಟಿದ ಪದಗಳು ಅದರಲ್ಲಿರುತ್ತವೆ, ಬಹಳಷ್ಟು ಸಿನಿಮಾ ಹಾಡಿನ ಧಾಟಿಯಲ್ಲಿ. ಅಂಥದೊಂದು ಪುಸ್ತಕದಲ್ಲಿ ಮಾರಮ್ಮನ ಮೇಲಿನ ಪದವೊಂದರ ನೆತ್ತಿಯ ಮೇಲೆ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಬರೆದಿತ್ತು: ಧಾಟಿ, ಜೊತೆಯಲಿ, ಗೀತಾ ಚಿತ್ರ.

ಇದು ಅವರು ಹೊಸದಾಗಿ ಕಂಡುಕೊಂಡ ಪದ್ಧತಿಯಲ್ಲ. ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪ್ರತಿ ಹಾಡಿನ ಮೇಲೂ ರಾಗ, ತಾಳ, ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚು ಹಾಕುತ್ತಿದ್ದರು. ಕೇಳಿದ ಧಾಟಿಗೆ ಹೊಸ ಮಾತು ಕಟ್ಟುವುದು ಅಲ್ಲಿ ನಾಚಿಕೆಯ ವಿಷಯವಾಗಿರಲಿಲ್ಲ, ಆದರೆ ಎಲ್ಲಿಂದ ತಂದೆವು ಎಂದು ಹೇಳುವುದು ಮರ್ಯಾದೆಯಾಗಿತ್ತು. ಕಾಯ್ದೆ 2012ರಲ್ಲಿ ಕೇಳಿದ್ದನ್ನು ನಾಟಕದವರೂ ಭಜನೆಯವರೂ ಯಾರೂ ಹೇಳದೆ ಮಾಡುತ್ತಿದ್ದರು.

ಈ ಸೀಮೆಗೆ ಧಾಟಿಯ ವಿಷಯದಲ್ಲಿ ವಿಶೇಷ ಕಿವಿ ಇದೆ. ನನ್ನಿವಾಳ ಮ್ಯಾಸನಾಯಕರ ಕಟ್ಟೆಮನೆಯ ಊರು, ದೇವರ ಎತ್ತುಗಳನ್ನು ಸಾಕಿಕೊಂಡು ಬಂದ ನೆಲ. ಮೊಳಕಾಲ್ಮುರು ದಾಟಿದರೆ ರಾಯದುರ್ಗ, ಆಂಧ್ರದ ಗಡಿ. ಇಲ್ಲಿ ಮನೆಯೊಳಗೆ ತೆಲುಗು, ಅಂಗಳದಲ್ಲಿ ಕನ್ನಡ ಮಾತಾಡುವವರು ಬಹಳ ಮಂದಿ. ಒಂದೇ ಧಾಟಿ ಎರಡು ಭಾಷೆಯಲ್ಲಿ ಓಡಾಡುವುದು ಅವರಿಗೆ ದಿನದ ಅನುಭವ. ಪಕ್ಕದ ಗೊಲ್ಲರಹಟ್ಟಿಗಳಲ್ಲಿ ಜುಂಜಪ್ಪನ, ಎತ್ತಪ್ಪನ ಕಥನಗಳನ್ನು ಹಾಡುವ ಹೆಣ್ಣುಮಕ್ಕಳು ಒಂದೇ ಧಾಟಿಯ ಮೇಲೆ ರಾತ್ರಿಯಿಡೀ ಮಾತು ಹೆಣೆಯುತ್ತಾರೆ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಬಾರದವರು. ಅವರ ನೆನಪಿನಲ್ಲಿದ್ದ ಸಾವಿರಾರು ಪದಗಳಿಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ‘ಈ ಪದ ಯಾರಿಂದ ಕಲಿತಿರಿ’ ಎಂದು ಇಂಥ ಹಾಡುಗಾರ್ತಿಯರನ್ನು ಕೇಳಿದರೆ ಅತ್ತೆಯದೋ ಅಜ್ಜಿಯದೋ ತವರೂರಿನ ಗೆಣೆಕಾತಿಯದೋ ಹೆಸರು ಹೇಳದೆ ಮುಂದಿನ ಪದಕ್ಕೆ ಹೋಗುವುದಿಲ್ಲ. ಪದದ ಜೊತೆ ಅದು ಬಂದ ದಾರಿಯನ್ನೂ ನೆನಪಿಟ್ಟುಕೊಳ್ಳುವುದು ಅವರ ಕಲಿಕೆಯ ಭಾಗ.

ಜಗಲಿಯ ವಾದಕ್ಕೆ ಈಗ ಉತ್ತರ ಕೊಡಬಹುದು. ಹಾಡು ಶಂಕ್ರಣ್ಣನ ಚಿತ್ರದ್ದು ಎಂದ ಹಿರಿಯರ ಕಿವಿ ಸರಿ. ಧಾಟಿ ಇಳಯರಾಜರದು, ಅದನ್ನು ಬೇರೆ ಭಾಷೆಗೆ ಒಯ್ದವರೂ ಅವರೇ, ಕಳ್ಳತನದ ಮಾತು ತಪ್ಪು. ಹಿಂದಿಯ ಗೆಲುವು ಅದರದೇ ಗಳಿಕೆ, ಅದನ್ನು ಕೀಳುಗಳೆಯುವ ಅಗತ್ಯ ಕನ್ನಡಕ್ಕಿಲ್ಲ. ಉಳಿದಿರುವ ಬಾಕಿ ಒಂದೇ, ಮೊದಲ ಮಾತು ಕೊಟ್ಟ ಕವಿಯದು.

ಅದನ್ನು ತೀರಿಸಲು ಕೋರ್ಟಿಗೆ ಹೋಗಬೇಕಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕಿನ ಮೈಕ್‌ಸೆಟ್ಟಿನವರ ಅಟ್ಟಗಳಲ್ಲಿ ಇನ್ನೂ ಪ್ಲೇಟುಗಳಿವೆ, ಭಜನೆ ಮನೆಗಳಲ್ಲಿ ಪುಸ್ತಕಗಳಿವೆ. ಗೆದ್ದಲು ತಿನ್ನುವ ಮೊದಲು ಅವುಗಳ ಪಟ್ಟಿ ಆಗಬೇಕು. ಕಾಲೇಜಿನ ಹುಡುಗ ಹುಡುಗಿಯರು ಫೋನು ಹಿಡಿದು ಒಂದು ಬೇಸಿಗೆ ತಿರುಗಿದರೆ ಸಾಕು, ಚೀಟಿಗಳ, ತಲೆಬರಹಗಳ ಚಿತ್ರ ಉಳಿಯುತ್ತದೆ. ಹಳೆಯ ಹಾಡನ್ನು ಹೊಸದಾಗಿ ಹಾಡುವ ನಮ್ಮ ಆರ್ಕೆಸ್ಟ್ರಾದವರು, ಬ್ಯಾಂಡಿನವರು, ಮೊಬೈಲಿನಲ್ಲಿ ಹಾಡಿ ಹರಿಬಿಡುವವರು ಭಜನೆಯವರ ಪದ್ಧತಿಯನ್ನೇ ಹಿಡಿಯಲಿ. ಹಾಡುವ ಮೊದಲು ಇಂಥ ಚಿತ್ರ, ಇಂಥವರ ಧಾಟಿ, ಇಂಥವರ ಮಾತು, ಮೊದಲು ಹಾಡಿದವರು ಇಂಥವರು ಎಂದು ಒಂದು ಸಾಲು ಹೇಳಲಿ. ಹೊಸ ಹಾಡು ಎಷ್ಟು ಬೇಕಾದರೂ ಹುಟ್ಟಲಿ, ಎಷ್ಟು ಭಾಷೆಗಾದರೂ ಹೋಗಲಿ. ಆ ಸಾಲಿನಲ್ಲಿ ಚಿ. ಉದಯಶಂಕರ್ ಎಂಬ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಕನ್ನಡ ಕೇಳಿ ಬೆಳೆದ ನಮ್ಮ ಹೊಣೆ.